ಶಾಮಿಯಾನದ ಅಕ್ಕ ನಿಜ ಹೇಳತೊಡಗಿದ ಮೇಲೆ

ಶಾಮಿಯಾನದ ಅಂಗಡಿ ಅಂದಮೇಲೆ ಏನಾದರೊಂದು ಆಗುತ್ತಲೇ ಇರುತ್ತದೆ. ಮದುವೆಗೆ ಹೋಗಬೇಕಾದ ಕುರ್ಚಿ ತಿಥಿಗೆ ಹೋಗುತ್ತದೆ, ತಿಥಿಗೆ ಹೋಗಬೇಕಾದ ಜಮಖಾನೆ ಮಂತ್ರಿಗಳ ಸಭೆಗೆ ಹೋಗುತ್ತದೆ. ಆದರೆ ದಾವಣಗೆರೆಯ ನಮ್ಮ ಅಕ್ಕನ ಅಂಗಡಿಯಲ್ಲಿ ಆದಷ್ಟು ಬೇರೆಲ್ಲೂ ಆಗಿರಲಿಕ್ಕಿಲ್ಲ.

ನಾನು ಹರಿಹರದವನು. ಭಾವ ತೀರಿಕೊಂಡಾಗ ಅಕ್ಕ, "ನಾಕು ದಿನ ಇದ್ದು ಅಂಗಡಿ ನೋಡ್ಕೊಳ್ಳೋ" ಎಂದು ಕರೆದಳು. ಬಂದವನು ಅಲ್ಲೇ ಉಳಿದೆ. ಇನ್ನು ಹೋಗು ಅನ್ನುವುದನ್ನು ಅವಳು ಮರೆತಿದ್ದಾಳೋ ಏನೋ, ನಾನೂ ನೆನಪಿಸಿಲ್ಲ.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಎಲ್ಲಿ ನೋಡಿದರೂ ಉದ್ಘಾಟನೆ, ಸನ್ಮಾನ. ಕಬ್ಬಿಣದ ಮಡಿಚುವ ಕುರ್ಚಿ ಮೂಲೆ ಸೇರಿ ಪ್ಲಾಸ್ಟಿಕ್ ಕುರ್ಚಿ ಬಂದಿತ್ತು. ಅಂಗಡಿಗೆ ಕೆಲಸಕ್ಕೇನೂ ಬರವಿರಲಿಲ್ಲ. ಬರವಿದ್ದದ್ದು ನೆನಪಿಗೆ. ಭಾವ ಇರುವವರೆಗೆ ಅಕ್ಕನ ನೆನಪೆಲ್ಲ ಭಾವನ ತಲೆಯಲ್ಲಿತ್ತು. "ಒಲೆ ಮ್ಯಾಲೆ ಹಾಲೈತೆ ನೋಡು", "ಬೀಗದ ಕೈ ನಿನ್ನ ಕೈಯಾಗೇ ಐತೆ" ಎಂದು ಅವರು ಕೂತಲ್ಲಿಂದಲೇ ಹೇಳುತ್ತಿದ್ದರು. ಅವರು ಹೋದಮೇಲೆ ಹಾಲು ಉಕ್ಕತೊಡಗಿತು.

ಅದನ್ನೇ ಕಾಯುತ್ತಿದ್ದವರು ಒಬ್ಬರಿದ್ದರು. ಭಾವನ ಅಣ್ಣ, ಹರಿಹರದಲ್ಲಿ ಇದ್ದವರು. ಮನೆಯಲ್ಲಿ ಎಲ್ಲರೂ ಅವರನ್ನು ದೊಡ್ಡವರು ಅನ್ನುತ್ತಿದ್ದರು. ಬಂದಾಗಲೆಲ್ಲ ಒಂದೇ ಮಾತು: "ಹೆಣ್ಮಗಳು, ಮರೆವು ಬ್ಯಾರೆ. ಅಂಗಡಿ ನನಗೆ ಬಿಟ್ಟು ಆರಾಮ ಮನ್ಯಾಗಿರ್ಲಿ." ಆ ಅಂಗಡಿ ಕೈಬಿಟ್ಟರೆ ಅಕ್ಕನಿಗೆ ಉಳಿಯುತ್ತಿದ್ದದ್ದು ಅಡುಗೆಮನೆ ಮತ್ತು ದೊಡ್ಡವರ ಮರ್ಜಿ. ಅಕ್ಕನಿಗೆ ಅದು ಗೊತ್ತಿತ್ತು. ಹಾಗಾಗಿ ತಾನು ಎಲ್ಲರ ಹಾಗೆಯೇ ಸರಿಯಾಗಿದ್ದೇನೆ ಎಂದು ತೋರಿಸಿಕೊಳ್ಳಲು ಆ ಹೆಂಗಸು ಪಟ್ಟ ಪಾಡು ಅಷ್ಟಿಷ್ಟಲ್ಲ. ಸುಳ್ಳು ಹೇಳುವುದರಲ್ಲಿ ಪಳಗಿಬಿಟ್ಟಿದ್ದಳು. ಮೊದಲನೆಯ ಪ್ರಸಂಗ ಆ ಕಾಲದ್ದು.

ಯಾರು ಹೋದ್ರಿ?

ಸರಸ್ವತಿ ನಗರದಲ್ಲಿ ಒಂದು ನಿಶ್ಚಿತಾರ್ಥ. ಅಕ್ಕ ಅಡ್ಡರಸ್ತೆ ತಪ್ಪು ಹೇಳಿದಳು. ನಮ್ಮ ಆಳುಗಳು ಯಾವುದೋ ಬೀಗ ಹಾಕಿದ ಮನೆಯ ಮುಂದೆ ಶಾಮಿಯಾನ ಹಾಕಿ, ಕುರ್ಚಿ ಸಾಲಾಗಿ ಇಟ್ಟು ಬಂದರು. ಅದು ಒಬ್ಬ ನಿವೃತ್ತ ಮೇಷ್ಟ್ರ ಮನೆ. ಅವರು ಅಮಾವಾಸ್ಯೆಗೆಂದು ಹೆಂಡತಿಯ ಜೊತೆ ಉಕ್ಕಡಗಾತ್ರಿಯ ಗುಡಿಗೆ ಹೋಗಿದ್ದರು.

ನಮ್ಮ ಕಡೆ ಮನೆಯ ಮುಂದೆ ಶಾಮಿಯಾನ ಎದ್ದಿತು ಅಂದರೆ ಎರಡೇ ಅರ್ಥ: ಮದುವೆ, ಇಲ್ಲವೇ ಸಾವು. ಮೇಷ್ಟ್ರಿಗೆ ಮದುವೆಯಾಗುವ ಮಕ್ಕಳು ಉಳಿದಿರಲಿಲ್ಲ. ಬೀದಿಯವರು ಲೆಕ್ಕ ಹಾಕಿ ಮುಖ ಸಣ್ಣಗೆ ಮಾಡಿಕೊಂಡು ಒಬ್ಬೊಬ್ಬರಾಗಿ ಬಂದು ಕುರ್ಚಿಯಲ್ಲಿ ಕೂತರು. "ದೇಹ ಊರಿಂದ ಬರಬೇಕಂತೆ" ಎಂದು ಯಾರೋ ಹೇಳಿದ್ದನ್ನು ಎಲ್ಲರೂ ನಂಬಿದರು.

ಮಧ್ಯಾಹ್ನ ಮೇಷ್ಟ್ರು ಬಸ್ಸಿಳಿದು, ಕೈಯಲ್ಲಿ ಪ್ರಸಾದದ ಚೀಲ ಹಿಡಿದು ಹೆಂಡತಿಗಿಂತ ಮುಂದೆ ನಡೆದು ಬಂದರು. ತಮ್ಮ ಮನೆಯ ಮುಂದೆ ಜನ ಕೂತದ್ದು ನೋಡಿ ಬಿರಬಿರನೆ ಹೆಜ್ಜೆ ಹಾಕಿದರು. ಎದುರಿಗೆ ಕೂತವನನ್ನು ಕೇಳಿದರು, "ಯಾರು ಹೋದ್ರಿ?"

ಅವನು ಕೈಯಲ್ಲಿದ್ದ ಹೂವಿನ ಹಾರವನ್ನು ಬೆನ್ನ ಹಿಂದೆ ಸರಿಸುತ್ತ, "ನೀವೇ ಅಂತ ಅಂದ್ಕೊಂಡಿದ್ವಿ ಸರ" ಎಂದ.

ಅಷ್ಟರಲ್ಲಿ, ಶಾಮಿಯಾನ ಬಂದಿಲ್ಲವೆಂದು ನಿಶ್ಚಿತಾರ್ಥದ ಮನೆಯವರ ಫೋನ್ ಬಂದು, ನಾನೂ ಅಕ್ಕನೂ ಹುಡುಗರ ಜೊತೆ ಓಡಿ ಬಂದೆವು. ಅಕ್ಕ ಉಸಿರು ತೆಗೆದುಕೊಳ್ಳದೆ, "ಹಿರಿಯ ನಾಗರಿಕರಿಗೆ ನಮ್ಮ ಅಂಗಡಿಯಿಂದ ಪ್ರಚಾರಕ್ಕೆ ಒಂದು ದಿನ ಪುಕ್ಕಟೆ ನೆರಳು ಸರ" ಎಂದು ಬಿಟ್ಟಳು. ನಾನು ಹುಡುಗರಿಗೆ ಬಿಚ್ಚಿರೋ ಎಂದು ಸನ್ನೆ ಮಾಡಿದೆ. ಮೇಷ್ಟ್ರು ತಡೆದರು.

"ಬಿಚ್ಚಬ್ಯಾಡ್ರಿ. ನಾ ಸತ್ರೆ ಯಾರ್ಯಾರು ಬರ್ತಾರೆ ಅಂತ ಇವತ್ತು ಗೊತ್ತಾತು. ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸ್ರಿ. ಹಾರ ತಂದೋನು ಇವನೊಬ್ಬನೇ, ಇವನಿಗೆ ಎರಡು ಮಿರ್ಚಿ ಜಾಸ್ತಿ."

ಡಾಕ್ಟರಿಗೆ ಖಾತ್ರಿಯಾದದ್ದು

ಮೆಡಿಕಲ್ ಕಾಲೇಜಿನ ಡಾಕ್ಟರೊಬ್ಬರು ಏನೋ ಶಿಬಿರಕ್ಕೆಂದು ಕುರ್ಚಿ ಕೇಳಲು ಬಂದರು. ಅವರು ಮನಸ್ಸಿನ ಡಾಕ್ಟರು ಎಂದು ನಮಗೆ ಗೊತ್ತಿರಲಿಲ್ಲ. ಅಕ್ಕ ಅವರ ಮಾತು ಕೇಳುತ್ತಲೇ ಫೋನೆತ್ತಿದಳು, ಫೋನಲ್ಲಿ ಮಾತಾಡುತ್ತಲೇ ಟೆಂಪೋ ಡ್ರೈವರನಿಗೆ ಬೈದಳು, ಬೈಯುತ್ತಲೇ ಬಾಗಿಲಿಗೆ ಬಂದ ಹಸುವಿಗೆ ಬಾಳೆಹಣ್ಣು ಕೊಟ್ಟಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಹಾಂ, ನಿಮಗೇನು ಬೇಕಂದ್ರಿ?" ಎಂದಳು. ಡಾಕ್ಟರು ಮತ್ತೆ ಹೇಳಿದರು. ಅಕ್ಕ ಮತ್ತೆ ಕೇಳಿದಳು. ಅವರು ಮತ್ತೆ ಹೇಳುವಷ್ಟರಲ್ಲಿ, "ನಿಮ್ಮ ಕಾರಿನ ಹಿಂದಿನ ಗಾಲಿಗೆ ಗಾಳಿ ಕಮ್ಮಿ ಐತೆ, ಶಿಬಿರ ಮುಟ್ಟಂಗಿಲ್ಲ" ಎಂದಳು. ಕಾರು ರಸ್ತೆಯ ಆಚೆ ನಿಂತಿತ್ತು. ಡಾಕ್ಟರು ಹೋಗಿ ನೋಡಿದರೆ ನಿಜ!

ಅವರು ವಾಪಸ್ ಬಂದು ನಗುತ್ತ, "ಅಮ್ಮಾ, ಒಂದು ಸಲ ಆಸ್ಪತ್ರೆಗೆ ಬನ್ನಿ. ಹೆದರಬೇಡಿ, ಮಾತಾಡೋಣ ಅಷ್ಟೇ" ಎಂದರು.

ಹೋದೆವು. ಡಾಕ್ಟರು ಚಿಕ್ಕಂದಿನಿಂದ ಎಲ್ಲ ಕೇಳಿದರು. ಶಾಲೆಯಲ್ಲಿ ಕೂತಲ್ಲಿ ಕೂರುತ್ತಿದ್ದಿರಾ? ಪಾಟಿ, ಬಳಪ ಕಳೆಯುತ್ತಿದ್ದಿರಾ? ಎಲ್ಲರೂ ಏನೆನ್ನುತ್ತಿದ್ದರು? ಅಕ್ಕ ಎಲ್ಲವನ್ನೂ ಹೇಳಿದಳು. ಎದುರು ಗೋಡೆಯ ಗಡಿಯಾರ ನಿಂತಿದೆ ಎಂಬುದನ್ನೂ ನಡುವೆ ಹೇಳಿದಳು. ಕೊನೆಗೆ ಡಾಕ್ಟರು ವಿವರಿಸಿದರು. ಇದಕ್ಕೆ ಎ.ಡಿ.ಎಚ್.ಡಿ. ಅಂತ ಹೆಸರು. ಗಮನ ಒಂದು ಕಡೆ ನಿಲ್ಲುವುದಿಲ್ಲ, ನಿಂತರೆ ಮತ್ತೆ ಕಿತ್ತರೂ ಬರುವುದಿಲ್ಲ. ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದರು, ವಯಸ್ಕರಲ್ಲೂ ಇರುತ್ತದೆ ಎಂದು ಈಗೀಗ ತಿಳಿಯುತ್ತಿದೆ. ಹುಟ್ಟಿನಿಂದ ಬಂದದ್ದು, ನಿಮ್ಮ ತಪ್ಪಲ್ಲ. ಎಲ್ಲರ ಹಾಗೆ ಇರಲು ಒದ್ದಾಡುವುದನ್ನು ಬಿಟ್ಟು, ನೀವು ಇರುವ ಹಾಗೆ ಕೆಲಸವನ್ನು ಹೊಂದಿಸಿಕೊಳ್ಳಿ.

ಅಕ್ಕ ಕುರ್ಚಿಯ ಅಂಚಿಗೆ ಸರಿದು ಕೂತಳು. ಆಮೇಲೆ, "ಅಂದ್ರೆ ನಾ ಬೇಜವಾಬ್ದಾರಿ ಹೆಣ್ಣು ಅಲ್ಲೇನ್ರಿ?" ಎಂದಳು. "ಅಲ್ಲ" ಎಂದರು ಡಾಕ್ಟರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಮ್ಮ ಅವ್ವನಿಂದ ಹಿಡಿದು ದೊಡ್ಡವರ ತನಕ ಎಲ್ಲರೂ ಅವಳಿಗೆ ಅಂದದ್ದು ಆ ಒಂದೇ ಮಾತು.

ಅತ್ತು ಮುಗಿಸಿ ಎದ್ದವಳ ಮುಖದ ಗೆಲುವು ನೋಡಬೇಕಿತ್ತು. ಹೊರಗೆ ಕಾಯುತ್ತಿದ್ದವರಿಗೆಲ್ಲ ತನಗೇನಾಗಿದೆ ಎಂದು ಹೇಳಿದಳು, ಆಟೋ ಕೂಗಿದಳು, ಹತ್ತಿ ಕೂತಳು, ಹೋದಳು. ನಾನು ಹೊರಗಿನ ಬೆಂಚಿನ ಮೇಲೇ ಉಳಿದೆ.

ಸಂಜೆ ಬಾಗಿಲು ಹಾಕಲು ಹೊರಬಂದ ಡಾಕ್ಟರು ನನ್ನನ್ನು ನೋಡಿ, "ನೀವಿನ್ನೂ ಇಲ್ಲೇ ಇದ್ದೀರಾ?" ಎಂದರು.

"ಅಕ್ಕ ಮರೆತು ಹೋದ್ಲು ಸರ. ಈಗ ಬರ್ತಾಳೆ ಅಂತ ಕೂತೀನಿ."

ಡಾಕ್ಟರು ಬೀಗ ಹಾಕುತ್ತ, "ನನಗೆ ಒಂದು ಚೂರು ಅನುಮಾನ ಇತ್ತು. ಈಗ ಖಾತ್ರಿ ಆಯ್ತು ಬಿಡಿ" ಎಂದರು.

ಏನರ ಒಂದು ಹೇಳ್ರಿ

ಮರುದಿನ ಅಕ್ಕ ಎರಡು ಕೆಲಸ ಮಾಡಿದಳು. ಮೊದಲನೆಯದು, ಅಂಗಡಿಯ ಗಾದಿ ಎತ್ತಿಸಿದಳು. ಅವಳ ಮಾವನವರ ಕಾಲದಿಂದ ಮಾಲೀಕರಾದವರು ದಿಂಬಿಗೆ ಒರಗಿ ಆ ಗಾದಿಯ ಮೇಲೆ ಕೂರಬೇಕು ಎಂಬ ಪದ್ಧತಿ. ಅಕ್ಕ ಅಲ್ಲಿ ಕೂತು ಕೂತು, ಕೂರಲಾರದೆ ಒದ್ದಾಡಿ, ದಿಂಬಿನ ಹತ್ತಿಯನ್ನೆಲ್ಲ ಬೆರಳಲ್ಲಿ ಎಳೆದು ಮುಗಿಸಿದ್ದಳು. "ನನಗೆ ಕೂಡ್ರಾಕೆ ಆಗಂಗಿಲ್ಲ. ನಾ ನಿಂತೇ ಯಾಪಾರ ಮಾಡ್ತೀನಿ, ಅಡ್ಡಾಡ್ಕೊಂತ ಮಾಡ್ತೀನಿ" ಎಂದಳು. ಗಾದಿ ಅಟ್ಟ ಸೇರಿತು. ಅವತ್ತಿನಿಂದ ಅಂಗಡಿಗೆ ಬಂದ ಗಿರಾಕಿಗಳೂ ಅವಳ ಹಿಂದೆ ಅಡ್ಡಾಡುತ್ತಲೇ ಮಾತಾಡಬೇಕಾಯಿತು. ಒಬ್ಬ ದಪ್ಪನೆಯ ಸಾಹುಕಾರರು ಆ ನಡಿಗೆಯಿಂದ ತಮ್ಮ ಮೊಣಕಾಲು ನೋವು ಕಮ್ಮಿಯಾಯಿತು ಎಂದು ಹೇಳಿಕೊಂಡು ತಿರುಗಿದರು.

ಎರಡನೆಯದು, ಸುಳ್ಳು ಹೇಳುವುದನ್ನು ಬಿಟ್ಟಳು. ಇದು ಅಷ್ಟು ಸುಲಭದ್ದಲ್ಲ. ಶಾಮಿಯಾನದವರು ತಡ ಮಾಡಿದರೆ ಹೇಳುವ ಮಾತು ಊರಿಗೆಲ್ಲ ಒಂದೇ: "ಗಾಡಿ ಬಿಟ್ಟೈತ್ರಿ, ದಾರ್ಯಾಗೈತೆ." ಗಿರಾಕಿಗೂ ಅದು ಸುಳ್ಳೆಂದು ಗೊತ್ತು. ಆದರೂ ಕೇಳಿ ಸಮಾಧಾನ ಮಾಡಿಕೊಳ್ಳುತ್ತಾನೆ.

ಮಂಡಕ್ಕಿ ಹುರಿಯುವ ಭಟ್ಟಿಯ ಮಾಲೀಕರೊಬ್ಬರ ಮನೆಯಲ್ಲಿ ನಾಮಕರಣ. ಫೋನ್ ಬಂತು. ಅಕ್ಕ ಎತ್ತಿದಳು.

"ಏನ್ರೀ, ಇನ್ನೂ ಶಾಮಿಯಾನ ಬಂದಿಲ್ಲ?"

"ಮರೆತೀನ್ರಿ" ಎಂದಳು ಅಕ್ಕ.

"ಏನಂದ್ರಿ?"

"ಮರೆತೇಬಿಟ್ಟೀನ್ರಿ. ತಪ್ಪಾತು. ಈಗ ಗಾಡಿಗೆ ಹಾಕಿಸ್ತೀನಿ."

"ಗಾಡಿ ಕೆಟ್ಟಿತ್ತೇನ್ರಿ?"

"ಇಲ್ರಿ, ಚಲೋ ಐತೆ."

"ಡ್ರೈವರ್ ಬಂದಿಲ್ಲೇನು?"

"ಇಲ್ಲೇ ನಿಂತು ಬೀಡಿ ಸೇದ್ತಾನ್ರಿ."

"ಯವ್ವಾ ತಾಯಿ" ಎಂದರು ಭಟ್ಟಿ ಮಾಲೀಕರು ಅಳುವ ದನಿಯಲ್ಲಿ, "ಹಿಂಗಂದ್ರೆ ನಾ ಮನ್ಯಾಗೆ ಏನಂತ ಹೇಳ್ಲಿ? ಏನರ ಒಂದು ಹೇಳ್ರಿ!"

"ಮರೆತಾಳೆ ಅಂತನೇ ಹೇಳ್ರಿ."

ಅವರು ಫೋನ್ ಕೆಳಗಿಡುವುದನ್ನು ಮರೆತರು. ಅವರು ಹೆಂಡತಿಯ ಕಡೆ ತಿರುಗಿ ಕೂಗಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು: "ಗಾಡಿ ಬಿಟ್ಟೈತಂತೆ, ದಾರ್ಯಾಗೈತೆ!"

ಜಗಳ ಕಾಯೋ ಮುದುಕಿ

ಅಲ್ಲಿಂದ ಅಕ್ಕ ಮುಂಗಡ ಹೇಳಲು ಬಂದವರಿಗೆಲ್ಲ ಮೊದಲೇ ಹೇಳತೊಡಗಿದಳು. "ನನ್ನ ತಲೆ ಹಿಂಗೈತೆ, ನಾ ಮರೀತೀನಿ. ಹಿಂದಿನ ದಿನ ನಿಮ್ಮ ಮನಿಯಿಂದ ಒಬ್ಬರು ಬಂದು ನೆನಪು ಮಾಡಬೇಕು. ಆಗಲ್ಲ ಅಂದ್ರೆ ಬ್ಯಾರೆ ಅಂಗಡಿ ಅದಾವೆ, ಹೋಗ್ರಿ." ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಯಾವ ವ್ಯಾಪಾರಿ ತನ್ನ ಅಂಗಡಿಯ ದೋಷವನ್ನು ತಾನೇ ಡಂಗುರ ಸಾರುತ್ತಾನೆ? ಆದರೆ ಒಬ್ಬರೂ ಬೇರೆ ಅಂಗಡಿಗೆ ಹೋಗಲಿಲ್ಲ. "ಉಳಿದವರು ಆಣೆ ಮಾಡಿ ಮರೀತಾರೆ, ಈ ಅಮ್ಮ ಹೇಳಿ ಮರೀತಾಳೆ. ಇದೇ ವಾಸಿ" ಎಂದರು ಜನ.

ನೆನಪು ಮಾಡಲು ಯಾರು ಬರಬೇಕು ಎಂಬುದನ್ನೂ ಅಕ್ಕ ಯೋಚಿಸಿದ್ದಳು. ಗಂಡಸರು ಬಂದರೆ ಚಹಾ ಕುಡಿದು ಹೋಗುತ್ತಾರೆ, ಬಂದದ್ದೇ ಅವರಿಗೆ ಮರೆತಿರುತ್ತದೆ. ಅದಕ್ಕೆ ಅವಳ ಕರಾರು: "ಮನ್ಯಾಗೆ ಜಗಳ ಕಾಯೋ ಮುದುಕಿ ಯಾರರ ಅದಾರೇನ್ರಿ? ಅವರನ್ನ ಕಳಿಸ್ರಿ." ಇದು ಮಾತ್ರ ಬ್ರಹ್ಮಾಸ್ತ್ರ. ಅಜ್ಜಿಯರು ಬೆಳಗ್ಗೆಯೇ ಬಂದು, ಟೆಂಪೋಗೆ ಕಂಬ ಏರಿಸುವವರೆಗೆ ಕದಲುತ್ತಿರಲಿಲ್ಲ. ಹಿಂದಿನ ಮದುವೆಯಲ್ಲಿ ಹರಿದಿದ್ದ ಪರದೆಯನ್ನು ಕೂತಲ್ಲೇ ಹೊಲಿದುಕೊಟ್ಟವರೂ ಉಂಟು. ತಪ್ಪು ಮನೆಗೆ ಶಾಮಿಯಾನ ಹೋಗುವುದು ನಿಂತೇಹೋಯಿತು.

ಒಮ್ಮೆ ಒಬ್ಬರು ತಮ್ಮ ತಾಯಿಯನ್ನೂ ಕರೆದುಕೊಂಡು ಮಗನ ಮದುವೆಗೆ ಹೇಳಲು ಬಂದರು. ಅಕ್ಕ ಕರಾರು ಹೇಳಿದಳು. ಅವರು ಸಂಕೋಚದಿಂದ, "ನಮ್ಮ ಮನ್ಯಾಗೆ ಅಂಥ ಜಗಳಗಂಟಿಯರು ಯಾರೂ ಇಲ್ರಿ" ಎಂದರು.

ಹಿಂದೆ ನಿಂತ ಅಜ್ಜಿ ಕೋಲು ಕುಟ್ಟಿತು. "ಯಾಕ, ನಾ ಸತ್ತೀನೇನೋ?"

ನಡುಗಂಬದ ಬೀಗರು

ಅಕ್ಕ ಮರೆಯುವುದನ್ನು ಹೇಳಿದೆ. ಅವಳ ಇನ್ನೊಂದು ಮುಖ ಹೇಳದಿದ್ದರೆ ನನಗೆ ಪಾಪ ಬರುತ್ತದೆ. ಎಲ್ಲರಿಗೂ ತಲೆ ಕೆಟ್ಟಾಗ ಅವಳ ತಲೆ ತಿಳಿಯಾಗುತ್ತದೆ. ಇದನ್ನು ನಾನು ಹರಿಹರದಲ್ಲಿ ಹೊಳೆಯ ಹತ್ತಿರದ ಬಯಲಿನಲ್ಲಿ ನಡೆದ ಒಂದು ಮದುವೆಯಲ್ಲಿ ಕಣ್ಣಾರೆ ಕಂಡೆ.

ಮುಹೂರ್ತಕ್ಕೆ ಇನ್ನೇನು ಸಮಯ ಅನ್ನುವಾಗ ಹೊಳೆಯ ಕಡೆಯಿಂದ ಗಾಳಿ ಎದ್ದಿತು. ಶಾಮಿಯಾನ ಬುಸ್ಸೆಂದು ಉಬ್ಬಿತು, ಗೂಟ ಕಿತ್ತವು, ಕಂಬ ಓಲಾಡತೊಡಗಿದವು. ಹೆಂಗಸರು ಕಿರುಚಿದರು. ಇದರ ಮಧ್ಯೆ ಗಂಡಿನ ಸೋದರಮಾವ ಬೆಳಗ್ಗೆಯಿಂದ ಮುನಿಸಿಕೊಂಡು ದೂರ ಕೂತಿದ್ದರು. ಅವರಿಗೆ ಸರಿಯಾಗಿ ಬರ್ರಿ ಕೂಡ್ರಿ ಅಂದಿರಲಿಲ್ಲವಂತೆ. ಹೆಣ್ಣಿನ ಕಡೆಯವರು ಅವರ ಕಾಲು ಹಿಡಿಯುವುದೋ ಕಂಬ ಹಿಡಿಯುವುದೋ ತಿಳಿಯದೆ ನಿಂತಿದ್ದರು.

ಅಕ್ಕ ಕುರ್ಚಿಯ ಮೇಲೆ ಹತ್ತಿದಳು. "ಗಂಡಸರು ಒಬ್ಬೊಬ್ಬರು ಒಂದೊಂದು ಕಂಬ ಹಿಡ್ಕೋರಿ! ಗಂಡಿನ ಕಡೆಯವರು ಬಲಕ್ಕೆ, ಹೆಣ್ಣಿನ ಕಡೆಯವರು ಎಡಕ್ಕೆ!" ಆ ದನಿಗೆ ಎದುರಾಡುವ ಧೈರ್ಯ ಯಾರಿಗೂ ಬರಲಿಲ್ಲ. ಸಾಹುಕಾರರು, ವಕೀಲರು, ಬ್ಯಾಂಡಿನವರು ಎಲ್ಲ ಹೋಗಿ ಕಂಬ ತಬ್ಬಿ ನಿಂತರು. ಆಮೇಲೆ ಅವಳು ನೇರ ಆ ಸೋದರಮಾವನ ಮುಂದೆ ನಿಂತು, "ನಡುಗಂಬ ಸಣ್ಣ ಮಂದಿಗೆ ಕೊಡಾಕೆ ಬರಂಗಿಲ್ರಿ. ಅದು ನಿಮ್ದು" ಎಂದಳು. ಅವರು ಮೀಸೆ ತಿರುವಿ ಎದ್ದರು. ಗಾಳಿ ಬೀಸುತ್ತಲೇ ಇತ್ತು, ತಾಳಿ ಕಟ್ಟಿದ್ದೂ ಆಯಿತು.

ಗಾಳಿ ನಿಂತಮೇಲೆ ಎಲ್ಲರೂ ಕಂಬ ಬಿಟ್ಟು ಊಟಕ್ಕೆ ಓಡಿದರು. ಸೋದರಮಾವ ಮಾತ್ರ ಬಿಡಲೊಲ್ಲರು. "ಮತ್ತೆ ಗಾಳಿ ಬಂದ್ರೆ ಯಾರು ಜವಾಬ್ದಾರಿ?" ಎಂದರು. ಕೊನೆಗೆ ಅವರ ಎಲೆಯನ್ನು ಅಲ್ಲಿಗೇ ತಂದು ಹಾಕಿದರು. ಒಂದು ಕೈ ಕಂಬದ ಮೇಲೆ, ಒಂದು ಕೈ ಹೋಳಿಗೆಯ ಮೇಲೆ.

ಅಕ್ಕನ ಪಂಚಾಯ್ತಿ

ಆದರೆ ದೊಡ್ಡವರಿಗೆ ಇದ್ಯಾವುದೂ ಹಿಡಿಸಲಿಲ್ಲ. ಅಕ್ಕ ಮನಸ್ಸಿನ ಡಾಕ್ಟರ ಹತ್ತಿರ ಹೋದದ್ದು, ಅದನ್ನು ಸಿಕ್ಕಸಿಕ್ಕವರಿಗೆ ಹೇಳಿದ್ದು, ಮಾವನ ಕಾಲದ ಗಾದಿ ಎತ್ತಿಸಿದ್ದು ಎಲ್ಲ ಸೇರಿ ಅವರಿಗೆ ಒಳ್ಳೆಯ ಹಿಡಿ ಸಿಕ್ಕಿತು. "ತಲೆ ಸರಿ ಇಲ್ಲದೋರ ಕೈಯಾಗೆ ಮನೆತನದ ಅಂಗಡಿ ಇರಬಾರದು" ಎಂದು ಕುಲದ ಹಿರಿಯರನ್ನು ಹರಿಹರದ ತಮ್ಮ ಮನೆಗೆ ಕರೆಸಿದರು. ಹಿರಿಯರ ಮಾತನ್ನು ಮೀರುವ ಪದ್ಧತಿ ನಮ್ಮಲ್ಲಿಲ್ಲ. ಅವರು ಬಿಡು ಅಂದರೆ ಅಕ್ಕ ಅಂಗಡಿ ಬಿಡಬೇಕು. ನಾನು ದಿನ ಗೊತ್ತಾದಾಗಲೇ ಅಕ್ಕನಿಗೆ ಹೇಳಿದ್ದೆ. "ಹೂಂ" ಅಂದಿದ್ದಳು.

ಅವತ್ತು ನಾನು ಅಂಗಡಿಗೆ ಹೋಗುವಷ್ಟರಲ್ಲಿ ಅವಳು ಟೆಂಪೋದ ಜೊತೆ ಎಲ್ಲೋ ಹೋಗಿಯಾಗಿತ್ತು. ಹರಿಹರದ ಬಸ್ಸು ಹಿಡಿದು ಹೋದೆ. ದೊಡ್ಡವರ ಮನೆಯಂಗಳದಲ್ಲಿ ತಂಪು ನೆರಳಲ್ಲಿ ಕುಲದವರೆಲ್ಲ ಕೂತಿದ್ದರು. ನಡುವೆ ಹಿರಿಯಜ್ಜ. ಅಕ್ಕ ಕಾಣಲಿಲ್ಲ.

"ಎಲ್ಲಪ್ಪಾ ಆಯಮ್ಮ?" ಎಂದರು ಹಿರಿಯಜ್ಜ.

ದೊಡ್ಡವರು ಗೆದ್ದವರ ಹಾಗೆ ಎದ್ದು ನಿಂತರು. "ನೋಡಿದ್ರಾ? ತನ್ನ ಪಂಚಾಯ್ತಿಗೇ ಬರೋದು ಮರೆತಾಳೆ. ಇದಕ್ಕಿಂತ ಸಾಕ್ಷಿ ಬೇಕೇನ್ರಿ?"

ಆಗ ಮೇಲಿಂದ ಒಂದು ದನಿ ಬಂತು. "ರೀ, ಆ ಮೂಲ್ಯಾಗೆ ಕೂತೋರು ಸ್ವಲ್ಪ ಸರೀರಿ. ಹಗ್ಗ ಬಿಗೀಬೇಕು."

ಎಲ್ಲರೂ ಕತ್ತೆತ್ತಿದರು. ಕಾಂಪೌಂಡ್ ಗೋಡೆಯ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗದ ತುದಿ ಕೈಗೆ ಸುತ್ತಿಕೊಂಡು ಅಕ್ಕ ನಿಂತಿದ್ದಳು.

"ಅಲ್ಲೇನು ಮಾಡ್ತಿಯವ್ವಾ?" ಎಂದರು ಹಿರಿಯಜ್ಜ.

"ಶಾಮಿಯಾನ ಹಾಕ್ತೀನ್ರಿ. ಏನು ಕಾರ್ಯ ಅಂತ ನನಗೂ ಗೊತ್ತಿಲ್ಲ."

"ನಿಂದೇ ಪಂಚಾಯ್ತಿ."

"ಅಯ್ಯ, ಇವತ್ತೇನ್ರಿ ಅದು!" ಎಂದು ಅಕ್ಕ ಹಣೆ ಬಡಿದುಕೊಂಡು ಗೋಡೆಯಿಂದ ಇಳಿದಳು. ಅಂಗಳವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಹಿರಿಯಜ್ಜ ಕೈಯೆತ್ತಿ ಸುಮ್ಮನಿರಿಸಿದರು. "ಮರೆವೈತೆ, ತಲೆ ನಿಲ್ಲಂಗಿಲ್ಲ ಅಂತಾರೆ. ಏನು ಹೇಳ್ತಿ?"

"ನಿಜ ಐತ್ರಿ" ಎಂದಳು ಅಕ್ಕ. "ಅವರಿಗೆ ಗೊತ್ತಿಲ್ಲದ್ದೂ ಭಾಳ ಅದಾವೆ, ಬೇಕಾದ್ರೆ ಹೇಳ್ತೀನಿ. ಇಷ್ಟು ವರ್ಷ ಸರಿ ಅದೀನಿ ಅಂತ ನಾಟಕ ಮಾಡಿ ಮಾಡಿ ದಣಿದಿದ್ದೆ. ಈಗ ಹೆಂಗದೀನೋ ಹಂಗೇ ಅದೀನಿ. ಹಂಗೇ ಇದ್ದು ಅಂಗಡಿ ನಡೆಸ್ತೀನಿ. ಅಂಗಡಿ ಬಿಡು ಅಂದ್ರೆ ಬಿಡಬೇಕಾಗ್ತದೆ. ನಾಟಕ ಮಾತ್ರ ಇನ್ನು ಆಗಂಗಿಲ್ರಿ."

ನನ್ನ ಅಕ್ಕ ಎಂದು ಹೇಳಿಕೊಳ್ಳಲು ನನಗೆ ಅವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಹಿರಿಯಜ್ಜ ತಲೆಯ ಮೇಲಿನ ಬಟ್ಟೆ ನೋಡಿದರು, ಕೂತ ಕುರ್ಚಿ ಮುಟ್ಟಿ ನೋಡಿದರು. ಆಮೇಲೆ ದೊಡ್ಡವರನ್ನು ಕೇಳಿದರು, "ಇದನ್ನೆಲ್ಲ ಯಾರಿಗೆ ಹೇಳಿದ್ದೆ?"

"ಆಕಿಗೇ ಫೋನ್ ಮಾಡಿದ್ದೆ. ಮನಿದೇ ಅಂಗಡಿ ಇರೋವಾಗ ಹೊರಗಿನೋರಿಗೆ ಯಾಕ ಬಾಡಿಗಿ ಕೊಡ್ಬೇಕ್ರಿ?"

"ಮರೆತ್ರೆ ಅಂತ ಇನ್ನೊಂದು ಅಂಗಡಿಗೂ ಹೇಳಿದ್ದೇನು?"

"ಯಾಕ್ರಿ?" ಎಂದರು ದೊಡ್ಡವರು ಜಂಬದಿಂದ. "ನೆನಪು ಮಾಡಿದ್ರೆ ಮುಗೀತು, ಮಳಿ ಬರ್ಲಿ ಗಾಳಿ ಬರ್ಲಿ, ಹಾಕೇ ಹಾಕ್ತಾಳೆ. ಆಕಿ ಹಾಕಿದ ಶಾಮಿಯಾನ ಇದುವರೆಗೆ ಬಿದ್ದಿದ್ದೇ ಇಲ್ಲ."

ಹೇಳಿ ಮುಗಿಸಿದಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿತು.

"ತೀರ್ಮಾನ ನೀನೇ ಕೊಟ್ಟೆಯಲ್ಲಪ್ಪಾ" ಎಂದರು ಹಿರಿಯಜ್ಜ. "ನಮಗೇನೂ ಕೆಲಸ ಇಡಲಿಲ್ಲ."

ನಾನು ಕಣ್ಣೊರೆಸಿಕೊಂಡು ಅಕ್ಕನ ಕಡೆ ನೋಡಿದೆ. ಹಿರಿಯರ ಕಾಲಿಗೆ ಬೀಳುತ್ತಾಳೆ, ಎರಡು ಕೃತಜ್ಞತೆಯ ಮಾತಾಡುತ್ತಾಳೆ ಅಂದುಕೊಂಡೆ. ಅವಳ ಗಮನ ಆಗಲೇ ಬೇರೆಲ್ಲೋ ಹೋಗಿತ್ತು. ಹಿರಿಯಜ್ಜನ ಹತ್ತಿರ ಹೋಗಿ ಅವರ ಕುರ್ಚಿಯ ಬೆನ್ನು ಹಿಡಿದಳು.

"ಮಾತು ಮುಗಿದಿದ್ರೆ ಏಳ್ರಿ ಅಜ್ಜಾರೆ. ಈ ಕುರ್ಚಿ ಸಂಜಿಗೆ ಕುಕ್ಕುವಾಡದಾಗೆ ಮದುವಿಗೆ ಬೇಕು."

ಹಿರಿಯಜ್ಜ ಎದ್ದರು. ಕುಲದವರೆಲ್ಲ ಎದ್ದು ತಮ್ಮ ತಮ್ಮ ಕುರ್ಚಿ ತಾವೇ ಹೊತ್ತು ಟೆಂಪೋಗೆ ಏರಿಸಿದರು. ದೊಡ್ಡವರು ಮುಖ ಗಂಟಿಕ್ಕಿಕೊಂಡು ಒಂದೇ ಒಂದು ಕುರ್ಚಿ ತಂದರು.

ಅಕ್ಕ ಅವರನ್ನು ನೋಡಿ ಮನಸಾರೆ ನಕ್ಕು ಕೇಳಿದಳು, "ಅದೆಲ್ಲ ಇರ್ಲಿ ಭಾವಾರೆ, ಇಷ್ಟು ಮಂದಿ ಕರೆಸಿದ್ರಲ್ಲ, ಯಾತಕ್ಕೆ ಅಂದ್ರಿ?"